ಸರ್ಕಾರಿ ಶಾಲೆಗಳಿಗೆ ಅನುದಾನ (ಹಾನಗಲ್, ಶಿಗ್ಗಾಂವಿ, ಸವಣೂರು, ಹಿರೇಕೆರೂರು)

ಹಾವೇರಿ ಜಿಲ್ಲೆಯ ಈ ನಾಲ್ಕು ತಾಲ್ಲೂಕುಗಳ ಸರ್ಕಾರಿ ಶಾಲೆಗಳಿಗೆ ಸ್ವಂತ ವರಮಾನವಿಲ್ಲ. ಇಲ್ಲಿನ ಕ್ಷೇತ್ರ ಶಿಕ್ಷಣಾಧಿಕಾರಿಗೆ ತೆರಿಗೆ ಹಾಕಿ ಹಣ ಎತ್ತುವ ಅಧಿಕಾರವಿಲ್ಲ. ಶಿಕ್ಷಕರ ಸಂಬಳ, ಕೊಠಡಿ, ಬಿಸಿಯೂಟ ಎಲ್ಲಕ್ಕೂ ಸರ್ಕಾರದ ಹಣವೇ ಆಧಾರ.

ದಿನದ ಖರ್ಚಿಗೆ ಸಿಗುವುದು ಸಮಗ್ರ ಶಿಕ್ಷಣ ಯೋಜನೆಯ ಸಂಯುಕ್ತ ಅನುದಾನ. ಕೇಂದ್ರದ ಪಾಲು ಶೇ 60, ರಾಜ್ಯದ್ದು ಶೇ 40. 30 ಮಕ್ಕಳವರೆಗಿನ ಶಾಲೆಗೆ ವರ್ಷಕ್ಕೆ 10,000 ರೂಪಾಯಿ, 100ರವರೆಗೆ 25,000, 250ರವರೆಗೆ 50,000 ಎಂಬುದು ಯೋಜನೆಯ ದರ. ಸೀಮೆಸುಣ್ಣ, ಹಾಜರಿ ಪುಸ್ತಕ, ಕಿತ್ತುಹೋದ ಬಾಗಿಲು, ಸೋರುವ ಹೆಂಚು ಎಲ್ಲವೂ ಇದರಲ್ಲೇ ಆಗಬೇಕು. ಕನಿಷ್ಠ ಶೇ 10ರಷ್ಟನ್ನು ಸ್ವಚ್ಛತೆಗೆ ತೆಗೆದಿಡಬೇಕು. ತೊಡಕಿರುವುದು ತಲೆ ಎಣಿಸಿ ಹಣ ಕೊಡುವುದರಲ್ಲಿಯೇ. 28 ಮಕ್ಕಳಿರುವ ಹಳ್ಳಿಶಾಲೆಯ ಮಾಡು 120 ಮಕ್ಕಳ ಶಾಲೆಯ ಮಾಡಿನಷ್ಟೇ ಸೋರುತ್ತದೆ, ಕೈಗೆ ಬರುವುದು ಮಾತ್ರ ಐದರಲ್ಲೊಂದು ಪಾಲು. ಮಕ್ಕಳು ಖಾಸಗಿ ಶಾಲೆಗೆ ಹೋದಷ್ಟೂ ಅನುದಾನ ಇಳಿಯುತ್ತದೆ. ಅನುದಾನ ಇಳಿದ ಶಾಲೆ ಮಕ್ಕಳನ್ನು ಉಳಿಸಿಕೊಳ್ಳಲು ಇನ್ನಷ್ಟು ಹೆಣಗಬೇಕು.

ಕೊರತೆಯನ್ನೇ ಅಳೆದು ಹಣ ಹಂಚಬೇಕೆಂಬ ವಾದ ರಾಜ್ಯಕ್ಕೆ ಹೊಸದಲ್ಲ. ಡಿ. ಎಂ. ನಂಜುಂಡಪ್ಪ ಸಮಿತಿ 2002ರ ವರದಿಯಲ್ಲಿ ಸಾಕ್ಷರತೆ, ಶಾಲೆಯಿಂದ ಹೊರಗುಳಿದ ಮಕ್ಕಳು ಮೊದಲಾದ ಸೂಚಕಗಳಿಂದ 114 ತಾಲ್ಲೂಕುಗಳನ್ನು ಹಿಂದುಳಿದವೆಂದು ಗುರುತಿಸಿತು. ಹಾವೇರಿ ಜಿಲ್ಲೆಯ ತಾಲ್ಲೂಕುಗಳೂ ಆ ಪಟ್ಟಿಯಲ್ಲಿವೆ. ಆ ವರದಿಯ ಆಧಾರದ ಮೇಲೆ 2007–08ರಲ್ಲಿ ವಿಶೇಷ ಅಭಿವೃದ್ಧಿ ಯೋಜನೆ ಜಾರಿಗೆ ಬಂತು. ಅದೇ ಅಳತೆಗೋಲು ಶಾಲೆಯ ದಿನದ ಖರ್ಚಿಗೂ ಅನ್ವಯವಾಗಿದ್ದರೆ ಸಣ್ಣ ಶಾಲೆಗಳ ಪಾಡು ಬೇರೆಯಾಗುತ್ತಿತ್ತು.

ಕೊಠಡಿಗಳಿಗೆ ಬೇರೆ ದಾರಿಯಿದೆ. ಶಿಗ್ಗಾಂವಿಯ ಶಾಸಕರಾಗಿದ್ದ ಬಸವರಾಜ ಬೊಮ್ಮಾಯಿ ಮುಖ್ಯಮಂತ್ರಿಯಾಗಿದ್ದಾಗ, 2022ರಲ್ಲಿ, ‘ವಿವೇಕ’ ಹೆಸರಿನಲ್ಲಿ ರಾಜ್ಯದಾದ್ಯಂತ ಸಾವಿರಾರು ಕೊಠಡಿಗಳ ನಿರ್ಮಾಣ ಆರಂಭವಾಯಿತು. ವರದಾ ನದಿ ಉಕ್ಕಿದ 2019ರಂಥ ವರ್ಷಗಳಲ್ಲಿ ಕಟ್ಟಡ ದುರಸ್ತಿಗೆ ವಿಪತ್ತು ಪರಿಹಾರ ನಿಧಿಯೂ ಒದಗುತ್ತದೆ.

ಅದೇ 2022ರ ಅಕ್ಟೋಬರ್‌ನಲ್ಲಿ, ಪಾಲಕರಿಂದ ಸ್ವಇಚ್ಛೆಯ ದೇಣಿಗೆಯಾಗಿ ತಿಂಗಳಿಗೆ 100 ರೂಪಾಯಿ ಪಡೆಯಲು ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳಿಗೆ (ಎಸ್‌ಡಿಎಂಸಿ) ಅವಕಾಶ ಕೊಟ್ಟ ಸುತ್ತೋಲೆ ಹೊರಬಂತು. ವಿರೋಧ ಎದ್ದು, ಕೆಲವೇ ದಿನಗಳಲ್ಲಿ ಅದನ್ನು ಹಿಂಪಡೆಯಲಾಯಿತು. ಕೂಲಿಗೆ ಹೋಗುವ ತಾಯಿಯಿಂದ ಶಾಲೆಯ ಖರ್ಚು ಕೇಳುವುದು ತಪ್ಪೇ ಆಗಿತ್ತು. 2023ರ ನವೆಂಬರ್ 1ರಂದು ಸರ್ಕಾರಿ ಶಾಲೆಗಳಿಗೆ ಉಚಿತ ವಿದ್ಯುತ್ ಮತ್ತು ನೀರು ಘೋಷಣೆಯಾಯಿತು. ಅದರಿಂದ ಅಲ್ಪ ಅನುದಾನದ ಮೇಲಿದ್ದ ಕರೆಂಟ್ ಬಿಲ್ಲಿನ ಹೊರೆ ಇಳಿಯಿತು.