ಜೀಪು ದುರಸ್ತಿ ಮತ್ತು ಮಾರ್ಪಾಟು: ಪುತ್ತೂರು, ಸುಳ್ಯ, ಕಡಬ

ದಕ್ಷಿಣ ಕನ್ನಡ ಜಿಲ್ಲೆಯ ಪುತ್ತೂರು, ಸುಳ್ಯ, ಕಡಬ ತಾಲೂಕುಗಳಲ್ಲಿ ಜೀಪುಗಳನ್ನು ಮಾಲೀಕರು, ಚಾಲಕರು ಹಾಗೂ ಊರಿನ ಗ್ಯಾರೇಜಿನವರು ತಾವೇ ಬಿಚ್ಚಿ ಸರಿಪಡಿಸಿ, ನೆಲಕ್ಕೆ ತಕ್ಕಂತೆ ಬದಲಿಸಿಕೊಂಡ ರೂಢಿ. ಬೇರೆಡೆ ಹವ್ಯಾಸವಾಗಿ ಬೆಳೆದ ವಾಹನ ಮಾರ್ಪಾಟು ಇಲ್ಲಿ ಹುಟ್ಟಿದ್ದು ಅಗತ್ಯದಿಂದ.

ಹಿನ್ನೆಲೆ

ಅಡಿಕೆ, ರಬ್ಬರ್ ಬೆಳೆಯುವ ಈ ಪ್ರದೇಶ ಪಶ್ಚಿಮ ಘಟ್ಟದ ಅಡಿಯಲ್ಲಿದೆ. ತೋಟದ ಮನೆಗಳು ಒಂದಕ್ಕೊಂದು ದೂರ. ನಡುವೆ ಕಡಿದಾದ ಏರು, ಜಾರುವ ಕೆಂಪು ಮಣ್ಣು, ಸೇತುವೆಯಿಲ್ಲದ ತೋಡು. ಬಸ್ಸು ಹೋಗದ ದಾರಿಗಳಲ್ಲಿ ಜನರನ್ನೂ ಗೊಬ್ಬರ, ಅಡಿಕೆ ಮೂಟೆಗಳನ್ನೂ ಸಾಗಿಸಿದ್ದು ಬಾಡಿಗೆಗೆ ಓಡುವ ‘ಸರ್ವಿಸ್ ಜೀಪು’.

ಎರಡನೆಯ ಮಹಾಯುದ್ಧಕ್ಕಾಗಿ ಅಮೆರಿಕದಲ್ಲಿ ರೂಪುಗೊಂಡ ಈ ವಾಹನದ ಜೋಡಣೆಯನ್ನು ಭಾರತದಲ್ಲಿ 1947ರಲ್ಲಿ ಕೈಗೆತ್ತಿಕೊಂಡದ್ದು ಮುಂಬಯಿಯ ಮಹೀಂದ್ರ ಸಂಸ್ಥೆ. ಮುಂದೆ ಇಲ್ಲಿಯೇ ತಯಾರಾದ ಎತ್ತರದ ಬಾನೆಟ್ಟಿನ ಸಿಜೆ-3ಬಿ ಮಾದರಿಯಲ್ಲಿ 2199 ಸಿಸಿಯ ‘ಹರಿಕೇನ್’ ಪೆಟ್ರೋಲ್ ಎಂಜಿನ್ ಇತ್ತು. ಚೌಕಟ್ಟಿನ ಮೇಲೆ ಬೋಲ್ಟಿನಿಂದ ಕೂರಿಸಿದ ತಗಡಿನ ಬಾಡಿ, ನಾಲ್ಕೂ ಕಡೆ ಲೀಫ್ ಸ್ಪ್ರಿಂಗಿನ ಪ್ಲೇಟುಗಳು. ಒಂದು ಕಂತೆ ಸ್ಪ್ಯಾನರ್, ಒಂದು ಜ್ಯಾಕ್ ಇದ್ದರೆ ತೆಂಗಿನ ಮರದ ನೆರಳಲ್ಲೇ ಗೇರ್‌ಬಾಕ್ಸ್ ಇಳಿಸಬಹುದಾದ ಸರಳ ರಚನೆ. ಸ್ವಂತ ದುರಸ್ತಿ ಬೇರೂರಲು ಇದೇ ಕಾರಣ.

ಪೆಟ್ರೋಲಿನಿಂದ ಡೀಸೆಲ್ಲಿಗೆ

ಪೆಟ್ರೋಲ್ ಜೀಪಿಗೆ ಮಳೆಗಾಲವೇ ಶತ್ರು. ತೋಡು ದಾಟುವಾಗ ಫ್ಯಾನು ನೀರನ್ನು ಎಂಜಿನ್ನಿನ ಮೇಲೆ ಎರಚುತ್ತದೆ. ಡಿಸ್ಟ್ರಿಬ್ಯೂಟರ್ ಮುಚ್ಚಳದೊಳಗೆ ಪಸೆ ಸೇರಿದರೆ ಕಿಡಿ ಹಾರದೆ ಗಾಡಿ ನಡುನೀರಿನಲ್ಲೇ ನಿಲ್ಲುತ್ತದೆ. ಅನುಭವಿ ಚಾಲಕರು ಹೆಚ್ಚು ನೀರಿದ್ದರೆ ಮೊದಲೇ ಫ್ಯಾನ್ ಬೆಲ್ಟ್ ಕಳಚಿ, ಡಿಸ್ಟ್ರಿಬ್ಯೂಟರಿಗೆ ಹಳೆ ಟ್ಯೂಬಿನ ರಬ್ಬರ್ ಸುತ್ತಿ, ದಡ ಸೇರಿದ ಮೇಲೆ ಬೆಲ್ಟ್ ಮರಳಿ ಹಾಕುವುದಿತ್ತು.

ಡೀಸೆಲ್ ಎಂಜಿನ್ನಿಗೆ ಕಿಡಿಯ ಹಂಗಿಲ್ಲ. ಇಂಧನವೂ ಅಗ್ಗ, ಕಡಿಮೆ ವೇಗದಲ್ಲೂ ಎಳೆತ ಹೆಚ್ಚು. ಕಂಪನಿಯೇ ಡೀಸೆಲ್ ಮಾದರಿಗಳನ್ನು ಹೊರತಂದಿತು. 1980ರ ದಶಕದಲ್ಲಿ ಫ್ರಾನ್ಸಿನ ಪೇಜೊ ಪರವಾನಗಿಯ 2112 ಸಿಸಿ ಎಂಜಿನ್, ಆಮೇಲೆ 2523 ಸಿಸಿಯ ‘ಡಿಐ’ ಬಂದವು. ಗುಜರಿ ಅಂಗಡಿಯಲ್ಲಿ ಇಂಥ ಎಂಜಿನ್ ಸಿಕ್ಕಿದರೆ ಹಳೆಯ ಪೆಟ್ರೋಲ್ ಗಾಡಿಗೆ ಕೂರಿಸುವುದು ಗ್ಯಾರೇಜುಗಳ ದೊಡ್ಡ ಕೆಲಸವಾಯಿತು.

ಮಾರ್ಪಾಟಿನ ಸರಪಳಿ

ಒಂದನ್ನು ಬದಲಿಸಿದರೆ ಇನ್ನೊಂದನ್ನು ಮುಟ್ಟದೆ ವಿಧಿಯಿಲ್ಲ. ಡೀಸೆಲ್ ಎಂಜಿನ್ ಭಾರವಾದ್ದರಿಂದ ಮೂತಿ ತಗ್ಗುತ್ತದೆ. ಮುಂದಿನ ಸ್ಪ್ರಿಂಗಿಗೆ ಒಂದು ಪ್ಲೇಟ್ ಹೆಚ್ಚು ಬೇಕು. ಎಂಜಿನ್ ಹಿಡಿಯುವ ಬ್ರಾಕೆಟ್ ಹೊಸದಾಗಿ ವೆಲ್ಡ್ ಆಗಬೇಕು, ಗೇರ್‌ಬಾಕ್ಸಿಗೆ ಜೋಡಿಸುವ ಪ್ಲೇಟನ್ನು ಲೇತಿನಲ್ಲಿ ಕೊರೆಸಬೇಕು. ತೂಕ ಏರಿದಾಗ ಸ್ಟಿಯರಿಂಗ್ ಗಡುಸಾಗುತ್ತದೆ. ಬೇರೆ ವಾಹನದ ಪವರ್ ಸ್ಟಿಯರಿಂಗ್ ಹುಡುಕಬೇಕಾಗುತ್ತದೆ. ನಾಲ್ಕೂ ಚಕ್ರಗಳ ಡ್ರಮ್ ಬ್ರೇಕು ಒದ್ದೆಯಾದರೆ ಹಿಡಿಯದು. ಮುಂದಕ್ಕೆ ಡಿಸ್ಕ್ ಹಾಕಿಸುವವರೂ ಇದ್ದಾರೆ.

ಏರು ಹತ್ತುವ ಗುಟ್ಟು ‘ಲೋ’ ಗೇರಿನಲ್ಲಿದೆ. ಜೀಪಿನ ಮೂಲ ಅಮೆರಿಕನ್ ತಯಾರಕ ವಿಲ್ಲಿಸ್ ಪರಂಪರೆಯ ಟ್ರಾನ್ಸ್‌ಫರ್ ಕೇಸಿನಲ್ಲಿ (ಎಂಜಿನ್ನಿನ ಬಲವನ್ನು ಮುಂದಿನ, ಹಿಂದಿನ ಚಕ್ರಗಳಿಗೆ ಹಂಚುವ ಪೆಟ್ಟಿಗೆ) ಇದರ ಅನುಪಾತ 2.46: ಚಕ್ರ ಅಷ್ಟು ಪಟ್ಟು ನಿಧಾನವಾಗಿ ತಿರುಗುತ್ತದೆ, ಎಳೆತ ಅಷ್ಟೇ ಪಟ್ಟು ಹೆಚ್ಚುತ್ತದೆ. ದೊಡ್ಡ ಟಯರ್ ಈ ಲಾಭದಲ್ಲಿ ಒಂದಂಶವನ್ನು ತಿನ್ನುತ್ತದೆ. ಮೂಲ ಟಯರಿಗಿಂತ ವ್ಯಾಸದಲ್ಲಿ ಶೇ. 10ರಷ್ಟು ದೊಡ್ಡದು ಹಾಕಿದರೆ ಮೀಟರ್ 50 ತೋರಿಸುವಾಗ ಗಾಡಿಯ ನಿಜವಾದ ವೇಗ 55.

ದುಡಿಮೆಯಿಂದ ಹವ್ಯಾಸಕ್ಕೆ

ರಸ್ತೆಗಳಿಗೆ ಡಾಮರು, ಕಾಂಕ್ರೀಟು ಬಂದಂತೆ, ಮನೆಮನೆಗೆ ಬೈಕು, ಕಾರು ಸೇರಿದಂತೆ ಸರ್ವಿಸ್ ಜೀಪಿನ ಕೆಲಸ ಕುಗ್ಗಿತು. ಜೀಪು ಮಾತ್ರ ಉಳಿಯಿತು: ತೋಟದ ಒಳದಾರಿಗೆ, ಕೆಸರಿನಲ್ಲಿ ನಡೆಯುವ ಆಫ್‌ರೋಡ್ ಪಂದ್ಯಗಳಿಗೆ. 2010ರಲ್ಲಿ ಬಂದ ಮಹೀಂದ್ರದ ಥಾರ್ ಹೊಸ ತಲೆಮಾರನ್ನು ಸೆಳೆಯಿತು. ಅದರ ಸಿಆರ್‌ಡಿಇ (ಕಾಮನ್ ರೈಲ್ ಡೀಸೆಲ್) ಮಾದರಿಯಲ್ಲಿ ಎಂಜಿನ್ ನಿಯಂತ್ರಣ ವಿದ್ಯುನ್ಮಾನದ್ದಾದ್ದರಿಂದ ಸ್ಪ್ಯಾನರಿನ ಪಕ್ಕದಲ್ಲಿ ಸ್ಕ್ಯಾನರ್ ಬೇಕಾಯಿತು.

ಕಾನೂನು

1939ರ ಮೋಟಾರು ವಾಹನ ಕಾಯಿದೆಯಡಿ ನೋಂದಣಿ ಅಧಿಕಾರಿಗೆ ತಿಳಿಸಿ ಒಪ್ಪಿಗೆ ಪಡೆದರೆ ಮಾರ್ಪಾಟಿಗೆ ಅವಕಾಶವಿತ್ತು. 1988ರ ಕಾಯಿದೆಯ 52ನೇ ಕಲಮನ್ನು 2000ದಲ್ಲಿ ತಿದ್ದಿ, ನೋಂದಣಿ ಪತ್ರದಲ್ಲಿರುವ ತಯಾರಕರ ಮೂಲ ವಿವರಗಳಿಗೆ ಹೊಂದದ ಬದಲಾವಣೆಯನ್ನು ನಿಷೇಧಿಸಲಾಯಿತು. ಕೇರಳದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟು 2019ರ ಜನವರಿ 9ರಂದು ಇದನ್ನೇ ಎತ್ತಿಹಿಡಿಯಿತು. ಅದೇ ಮಾದರಿಯ ಎಂಜಿನ್ ಬದಲಿಸಲು ಅವಕಾಶವಿದೆ, ಆದರೆ ಅನುಮತಿ ಬೇಕು. ಕೆಎ-21 ಸಂಖ್ಯೆಯಡಿ ಬರುವ ಪುತ್ತೂರು ಸಾರಿಗೆ ಕಚೇರಿಯ ವ್ಯಾಪ್ತಿಯ ಜೀಪುಗಳಿಗೂ ಇದೇ ನಿಯಮ.

ಬ್ರೇಕ್ ಶೂ, ಕ್ಲಚ್ ಪ್ಲೇಟ್, ಬೇರಿಂಗುಗಳಂಥ ಮೂಲ ಅಳತೆಯ ಭಾಗಗಳನ್ನು ಮಾಲೀಕರೇ ಬದಲಿಸಿಕೊಳ್ಳಲು ಅಡ್ಡಿಯಿಲ್ಲ. ಕಾನೂನುಬಾಹಿರ ಮಾರ್ಪಾಟಿಗೆ 2019ರ ತಿದ್ದುಪಡಿಯ ಪ್ರಕಾರ ಆರು ತಿಂಗಳವರೆಗೆ ಸೆರೆವಾಸ, ಅಥವಾ ಒಂದೊಂದು ಬದಲಾವಣೆಗೂ 5,000 ರೂಪಾಯಿ ದಂಡ, ಅಥವಾ ಎರಡೂ ಬೀಳಬಹುದು.