ಬಾಂಬು ತಡೆಯೋ ಚರ್ಚು, ಹೈದರನ ಭಯಕ್ಕೆ ಕಿತ್ತ ಸಮಾಧಿ ಕಲ್ಲು

ಇವತ್ತಿನ ಎಪಿಸೋಡು ಚೆನ್ನೈನ ಒಂದು ಚರ್ಚಿನ ಬಗ್ಗೆ. ಆದ್ರೆ ಶುರು ಮಾಡೋದು ಮಂಡ್ಯ ಜಿಲ್ಲೆಯಿಂದ, ಯಾಕಂದ್ರೆ ನಾನು ಆ ಕಡೆಯವರು.

ಶ್ರೀರಂಗಪಟ್ಟಣದಿಂದ ಪಾಂಡವಪುರದ ಕಡೆಗೆ ಹೋದ್ರೆ ಒಂದು ಎತ್ತರದ ಕಲ್ಲಿನ ಕಂಬ ಇದೆ. ಚಿಕ್ಕವಯಸ್ಸಲ್ಲಿ ಅಪ್ಪನ್ನ ಕೇಳಿದ್ದೆ, ಇದು ಯಾರದ್ದು ಅಂತ. "ಯಾರೋ ಇಂಗ್ಲಿಷ್ ದೊರೆದು" ಅಂದ್ರು. ಅಲ್ಲಿಗೆ ಮುಗೀತು. ಆ ದೊರೆ ಯಾರು ಅಂತ ನನಗೆ ಗೊತ್ತಾಗಿದ್ದು ಹೋದ ತಿಂಗಳು, ಚೆನ್ನೈನ ಸೇಂಟ್ ಜಾರ್ಜ್ ಕೋಟೆಯೊಳಗಿನ ಸೇಂಟ್ ಮೇರಿ ಚರ್ಚಿನಲ್ಲಿ.

ಹೋಗೋರಿಗೆ ಒಂದು ಮಾತು: ಐಡಿ ಕಾರ್ಡ್ ಮರೀಬೇಡಿ. ಆ ಕೋಟೆಯೊಳಗೇ ತಮಿಳುನಾಡಿನ ವಿಧಾನಸಭೆ, ಸಚಿವಾಲಯ ಎಲ್ಲಾ ಇರೋದು. ಗೇಟಲ್ಲಿ ಬ್ಯಾಗ್ ತೆಗೆಸಿ ನೋಡಿದ್ರು. ನನ್ನ ಮೈಕ್ ನೋಡಿ ಸ್ವಲ್ಪ ಹೊತ್ತು ಯೋಚನೆ ಮಾಡಿದ್ರು. ಆಮೇಲೆ ಬಿಟ್ರು.

ಇದು ಭಾರತದ ಅತ್ಯಂತ ಹಳೆಯ ಆಂಗ್ಲಿಕನ್ ಚರ್ಚ್. 1678ರಲ್ಲಿ ಕೆಲಸ ಶುರುವಾಗಿ 1680ರ ಅಕ್ಟೋಬರ್‌ನಲ್ಲಿ ಪ್ರತಿಷ್ಠಾಪನೆ ಆಯ್ತು. ಕಟ್ಟಿಸಿದವನು ಗವರ್ನರ್ ಸ್ಟ್ರೇನ್‌ಷಮ್ ಮಾಸ್ಟರ್. ನಾನು ಬಿ.ಕಾಂ ಓದಿದವರಾದ್ದರಿಂದ ಈ ಮನುಷ್ಯ ನನಗೆ ಇಷ್ಟ. ಈಸ್ಟ್ ಇಂಡಿಯಾ ಕಂಪನಿಯ ಕೋಠಿಗಳಲ್ಲಿ ಲೆಕ್ಕದ ಪುಸ್ತಕಗಳನ್ನ ಒಂದು ಶಿಸ್ತಿಗೆ ತಂದವನು ಇವನೇ. ಚರ್ಚಿಗೆ ಕಂಪನಿಯ ಹಣ ತಗೊಳ್ಳಲಿಲ್ಲ. ಅಲ್ಲಿದ್ದ ಇಂಗ್ಲಿಷ್ ನೌಕರರೇ ಕೈಯಿಂದ ಚಂದಾ ಹಾಕಿದ್ರು. ಲೆಕ್ಕ ಪಗೋಡಾದಲ್ಲಿ, ಅಂದ್ರೆ ನಮ್ಮ ವರಹದಲ್ಲಿ.

ಒಳಗೆ ಹೋಗಿ ನಿಂತು ತಲೆ ಎತ್ತಿ ನೋಡಿ. ಈ ಎಪಿಸೋಡಿನ ಅರ್ಧ ಕಥೆ ಆ ಚಾವಣಿಯಲ್ಲೇ ಇದೆ. ಸಾಮಾನ್ಯವಾಗಿ ಹಳೇ ಚರ್ಚು ಅಂದ್ರೆ ಮರದ ತೊಲೆ, ಇಳಿಜಾರು ಹೆಂಚು ನೆನಪಾಗುತ್ತೆ. ಇಲ್ಲಿ ಚಾವಣಿಗೆ ಮರವನ್ನೇ ಬಳಸಿಲ್ಲ. ಡ್ರಮ್ಮನ್ನ ಉದ್ದುದ್ದಕ್ಕೆ ಸೀಳಿ ಮಗುಚಿಟ್ಟ ಹಾಗೆ ಇಟ್ಟಿಗೆಯ ಕಮಾನು ಚಾವಣಿ, ದಪ್ಪ ಸುಮಾರು 2 ಅಡಿ. ಅದನ್ನ ಹೊತ್ತಿರೋ ಹೊರಗೋಡೆ 4 ಅಡಿ. ಬೆಂಕಿ ಹತ್ತಬಾರದು, ಗೆದ್ದಲು ತಿನ್ನಬಾರದು, ಮೇಲಿಂದ ಫಿರಂಗಿ ಗುಂಡು ಬಿದ್ರೂ ಒಡೀಬಾರದು. ವಿನ್ಯಾಸ ಮಾಡಿದವನು ಕೋಟೆಯ ಫಿರಂಗಿ ಪಡೆಯವನು ಅಂತ ಹೇಳ್ತಾರೆ. ಆ ಚಾವಣಿ ನೋಡಿದ್ರೆ ನಂಬಬೇಕು ಅನ್ಸುತ್ತೆ. ಗೋಪುರ ಬಂದಿದ್ದು ಇಪ್ಪತ್ತು ವರ್ಷ ಆದ್ಮೇಲೆ, 1701ರಲ್ಲಿ. ಮೊದಲು ತಲೆ ಉಳಿಸ್ಕೊಳ್ಳೋಣ, ಅಂದ ಆಮೇಲೆ ನೋಡೋಣ ಅನ್ನೋ ಲೆಕ್ಕ.

ಮೊದಲನೇ ಮದುವೆ ಎಲಿಹು ಯೇಲ್‌ದು, 1680ರ ನವೆಂಬರ್‌ನಲ್ಲಿ. ಹೌದು, ಅಮೆರಿಕದ ಯೇಲ್ ವಿಶ್ವವಿದ್ಯಾಲಯಕ್ಕೆ ಹೆಸರು ಕೊಟ್ಟವನು. 1753ರಲ್ಲಿ ರಾಬರ್ಟ್ ಕ್ಲೈವ್ ಮದುವೆ ಆಗಿದ್ದೂ ಇಲ್ಲೇ. ಗೈಡ್‌ಗಳೆಲ್ಲ ಇಲ್ಲೇ ಹತ್ತು ನಿಮಿಷ ನಿಲ್ಲಿಸ್ತಾರೆ. ನಾವು ಮುಂದೆ ಹೋಗೋಣ.

ಹೊರಗೆ ಬನ್ನಿ. ಚರ್ಚಿನ ಸುತ್ತ ನೆಲಕ್ಕೆ ಸಮಾಧಿ ಕಲ್ಲುಗಳನ್ನ ಹಾಸಿದ್ದಾರೆ. ಆದ್ರೆ ಅವುಗಳ ಕೆಳಗೆ ಯಾರೂ ಇಲ್ಲ. ಹಳೇ ಸ್ಮಶಾನ ಇದ್ದದ್ದು ಕೋಟೆಯ ಹೊರಗೆ, ಈಗ ಹೈಕೋರ್ಟ್ ಇರೋ, ಮೊದಲು ಲಾ ಕಾಲೇಜೂ ಇದ್ದ ಜಾಗದಲ್ಲಿ. 1758ರ ಕೊನೆಯಲ್ಲಿ ಫ್ರೆಂಚ್ ಸೇನಾಪತಿ ಲ್ಯಾಲಿ ಕೋಟೆಗೆ ಮುತ್ತಿಗೆ ಹಾಕಿದಾಗ, ಅಲ್ಲಿದ್ದ ಎತ್ತರದ ಗೋರಿಗಳು ಫ್ರೆಂಚರಿಗೆ ಒಳ್ಳೇ ಮರೆ ಆದ್ವು. ಮುತ್ತಿಗೆ ಮುಗಿದ್ಮೇಲೆ ಇಂಗ್ಲಿಷರು ಗೋರಿಗಳನ್ನೇ ಕೆಡವಿಸಿ, ಹೆಸರು ಕೆತ್ತಿದ ಕಲ್ಲುಗಳನ್ನ ಚರ್ಚಿಗೆ ತಂದ್ರು. ಒಂದು ಕಲ್ಲು 1652ರದ್ದು, ಎಲಿಜಬೆತ್ ಬೇಕರ್ ಅನ್ನೋ ಹೆಂಗಸಿನದ್ದು.

ಅಲ್ಲಿಗೂ ಆ ಕಲ್ಲುಗಳಿಗೆ ನೆಮ್ಮದಿ ಸಿಗಲಿಲ್ಲ. 1782ರಲ್ಲಿ ಅವನ್ನ ಮತ್ತೆ ಕಿತ್ತು ಕೋಟೆ ಗೋಡೆ ಮೇಲಕ್ಕೆ ಸಾಗಿಸಿ, ಫಿರಂಗಿ ಕೂರಿಸೋಕೆ ಬಳಸಿದ್ರು. ಸತ್ತವರ ಹೆಸರಿನ ಮೇಲೆ ಫಿರಂಗಿ! ಯಾರ ಭಯಕ್ಕೆ? ನಮ್ಮ ಹೈದರಾಲಿ ಭಯಕ್ಕೆ.

ಭಯಕ್ಕೆ ಕಾರಣ ಇತ್ತು. 1769ರಲ್ಲೇ ಹೈದರ್ ಮದ್ರಾಸಿನ ಬಾಗಿಲಿಗೆ ಬಂದು ನಿಂತು ಒಪ್ಪಂದಕ್ಕೆ ಸಹಿ ಹಾಕಿಸಿಕೊಂಡು ಹೋಗಿದ್ದ. 1780ರಲ್ಲಿ ಮತ್ತೆ ಇಳಿದು ಬಂದ. ಕಾಂಚೀಪುರದ ಹತ್ತಿರ ಪೊಲ್ಲಿಲೂರಿನಲ್ಲಿ ಬೈಲಿಯ ಸೈನ್ಯ ಪೂರ್ತಿ ನೆಲಕಚ್ಚಿತು. ದರಿಯಾ ದೌಲತ್ ಗೋಡೆ ಮೇಲೆ ಆ ಯುದ್ಧದ ಚಿತ್ರ ನೀವೆಲ್ಲ ಸ್ಕೂಲ್ ಟ್ರಿಪ್ಪಲ್ಲಿ ನೋಡಿರ್ತೀರ. ಅಲ್ಲಿ ಅದು ಗೆಲುವಿನ ಬಣ್ಣ. ಅದೇ ಯುದ್ಧದ ಇನ್ನೊಂದು ಮುಖ ಮದ್ರಾಸಿನ ಈ ಕಲ್ಲುಗಳು. ನಿಜ ಹೇಳ್ಬೇಕಂದ್ರೆ ಮೊದಲು ನನಗೆ ಒಂಥರಾ ಹೆಮ್ಮೆ ಆಯ್ತು. ಆಮೇಲೆ ಹೈದರನ ದಾರಿಯಲ್ಲಿ ಸುಟ್ಟುಹೋದ ತಮಿಳು ಹಳ್ಳಿಗಳು ನೆನಪಾದ್ವು. ಅವರಿಗೆ ಕೋಟೆಯೂ ಇರಲಿಲ್ಲ, 4 ಅಡಿ ಗೋಡೆಯೂ ಇರಲಿಲ್ಲ. ಅವರ ಹೆಸರಿನ ಕಲ್ಲನ್ನ ಯಾವ ಅಂಗಳದಲ್ಲಿ ಹುಡುಕೋದು?

ಇದೇ ಯೋಚನೆಯಲ್ಲಿ ಮತ್ತೆ ಒಳಗೆ ಹೋದೆ. ಆಗ ಕಂಡದ್ದು ಎರಡು ಸ್ಮಾರಕ.

ಒಂದು, ಶ್ವಾರ್ಟ್ಜ್ ಅನ್ನೋ ಜರ್ಮನ್ ಪಾದ್ರಿಯದ್ದು. ಶಿಲ್ಪಿ ಜಾನ್ ಬೇಕನ್, ಖರ್ಚು ಕಂಪನಿಯದ್ದು. 1779ರಲ್ಲಿ ಮದ್ರಾಸ್ ಸರ್ಕಾರ ಇವರನ್ನ ಹೈದರನ ಹತ್ತಿರ ಶಾಂತಿಯ ಮಾತಿಗೆ ಕಳಿಸಿತು. ಕಂಪನಿಯವರ ಮಾತು ನಂಬದ ಹೈದರ್ ಈ ಪಾದ್ರಿಯನ್ನ ನಂಬ್ತಿದ್ದ. ಇಬ್ಬರೂ ಶ್ರೀರಂಗಪಟ್ಟಣದ ಅರಮನೆಯಲ್ಲಿ ಕೂತು ಮಾತಾಡಿದ್ರು. ಹೊರಡುವಾಗ ಹೈದರ್ ದಾರಿ ಖರ್ಚಿಗೆ ಅಂತ 300 ರೂಪಾಯಿ ಕೊಟ್ಟ. ಶ್ವಾರ್ಟ್ಜ್ ಅದನ್ನ ಮದ್ರಾಸ್ ಸರ್ಕಾರಕ್ಕೆ ಒಪ್ಪಿಸೋಕೆ ಹೋದ್ರು. ಅವರು ಬೇಡ ಅಂದಾಗ ತಂಜಾವೂರಿನ ಅನಾಥ ಮಕ್ಕಳ ಶಾಲೆಗೆ ಕೊಟ್ರು. ಮಾತುಕತೆಯಿಂದ ಏನೂ ಆಗಲಿಲ್ಲ, ಮರುವರ್ಷವೇ ಯುದ್ಧ. ಆದ್ರೂ ಯುದ್ಧದ ನಡುವೆ ಈ ಪಾದ್ರಿಯನ್ನ ಯಾರೂ ತಡೀಬಾರದು ಅಂತ ಹೈದರ್ ತನ್ನವರಿಗೆ ಹೇಳಿಟ್ಟಿದ್ದ.

ಇನ್ನೊಂದು ಜಾನ್ ಫ್ಲಾಕ್ಸ್‌ಮನ್ ಕೆತ್ತಿದ್ದು. ಹೆಸರು ಓದಿದೆ: ಜೊಸಾಯ ವೆಬ್.

ವೆಬ್ ಮದ್ರಾಸ್ ಸರ್ಕಾರದ ಕಾರ್ಯದರ್ಶಿಯಾಗಿದ್ದವನು. 1798ರಲ್ಲಿ ಗವರ್ನರ್ ಜನರಲ್ ವೆಲ್ಲೆಸ್ಲಿ ಟಿಪ್ಪು ಮೇಲೆ ಯುದ್ಧಕ್ಕೆ ಸಿದ್ಧರಾಗಿ ಅಂದಾಗ, ಬೇಡ ಅಂತ ಕಟುವಾಗಿ ಬರೆದವನು. ಟಿಪ್ಪು ಮೇಲಿನ ಪ್ರೀತಿಗಲ್ಲ ಬಿಡಿ. ಖಜಾನೆಯಲ್ಲಿ ದುಡ್ಡಿಲ್ಲ, ಸಾಲ ಹುಟ್ಟಲ್ಲ, ಸೈನ್ಯ ತಯಾರಿಲ್ಲ, ಹೋದ ಸಲ ಏನಾಯ್ತು ನೆನಪಿದೆಯಾ ಅನ್ನೋ ಧಾಟಿ. ಪಕ್ಕಾ ಅಕೌಂಟೆಂಟ್ ವಾದ. ವೆಲ್ಲೆಸ್ಲಿ ಕೇಳಲಿಲ್ಲ. 1799ರ ಮೇ 4ಕ್ಕೆ ಶ್ರೀರಂಗಪಟ್ಟಣ ಬಿತ್ತು. ಯುದ್ಧ ಬೇಡ ಅಂದಿದ್ದ ವೆಬ್ ಆಮೇಲೆ ಮೈಸೂರಿಗೇ ರೆಸಿಡೆಂಟ್ ಆಗಿ ಬಂದ. 1804ರಲ್ಲಿ ತೀರಿಕೊಂಡ. ಅವನ ನೆನಪಿಗೆ ದಿವಾನ್ ಪೂರ್ಣಯ್ಯ ಶ್ರೀರಂಗಪಟ್ಟಣದ ಹತ್ತಿರ ಒಂದು ಕಲ್ಲಿನ ಕಂಬ ನಿಲ್ಲಿಸಿದ್ರು.

ಅದೇ ಕಂಬ.

ಚರ್ಚಿಂದ ಹೊರಗೆ ಬಂದು ಅಪ್ಪಂಗೆ ಫೋನ್ ಮಾಡ್ದೆ. "ಪಾಂಡವಪುರದ ಕಡೆ ಕಂಬ ಇದೆಯಲ್ಲ, ಅದು ಯಾರದ್ದು ಗೊತ್ತಾಯ್ತು" ಅಂದೆ. ಪೂರ್ತಿ ಕೇಳಿಸಿಕೊಂಡ್ರು. "ಪೂರ್ಣಯ್ಯನೋರು ಟಿಪ್ಪು ದಿವಾನರಲ್ವಾ, ಅವರೇ ಯಾಕೆ ಕಂಬ ಹಾಕ್ಸಿದ್ರು?" ಅಂದ್ರು. ಮುಂದಿನ ಎಪಿಸೋಡ್ ಅದೇ. ಪೂರ್ಣಯ್ಯ.