ಒಂದು ವಗ್, ಎರಡು ವಗ್..

ವಗ್ ಅಂದ್ರೆ ಏನು ಗೊತ್ತಾ? ಏನೂ ಅಲ್ಲ! ಹಕ್ಕಿಯಂತೆ ಕಾಣುವ ಗುಂಡಗಿನ ಒಂದು ಚಿತ್ರ, ಅದಕ್ಕೊಂದು ಅರ್ಥವಿಲ್ಲದ ಹೆಸರು, ಅಷ್ಟೇ. ಆದರೆ ಮಕ್ಕಳ ಭಾಷೆಯನ್ನು ಅಳೆಯುವ ಚರಿತ್ರೆಯಲ್ಲಿ ಈ ಪುಟ್ಟ ಪ್ರಾಣಿಗೆ ದೊಡ್ಡ ಜಾಗವಿದೆ.

1958ರಲ್ಲಿ ಅಮೆರಿಕದ ಜೀನ್ ಬರ್ಕೊ ತಾವೇ ಬರೆದ ಇಂಥ ಚಿತ್ರಗಳನ್ನು ನಾಲ್ಕರಿಂದ ಏಳು ವರ್ಷದ ಮಕ್ಕಳಿಗೆ ತೋರಿಸಿದರು. ಒಂದು ವಗ್ ತೋರಿಸುವುದು, ಆಮೇಲೆ ಎರಡು ತೋರಿಸಿ ಇವಕ್ಕೆ ಏನಂತೀಯ ಎಂದು ಕೇಳುವುದು. ಹೆಚ್ಚಿನ ಮಕ್ಕಳು 'ವಗ್ಸ್' ಅಂದರು. ಆ ಪದವನ್ನು ಅವರು ಹಿಂದೆಂದೂ ಕೇಳಿರಲಿಲ್ಲ. ಅಂದರೆ ಮಕ್ಕಳು ಬರೀ ಗಿಳಿಪಾಠ ಒಪ್ಪಿಸುವುದಿಲ್ಲ, ವ್ಯಾಕರಣದ ನಿಯಮವನ್ನೇ ತಲೆಯಲ್ಲಿ ಕಟ್ಟಿಕೊಂಡಿರುತ್ತಾರೆ.

ಬರ್ಕೊ ನೋಡಿದ್ದು ಸಾಮಾನ್ಯ ಮಕ್ಕಳನ್ನು. ಆದರೆ ಕಿವಿ ಚೆನ್ನಾಗಿದ್ದು, ಆಟದಲ್ಲಿ ಚುರುಕಾಗಿದ್ದು, ಮಾತು ಮಾತ್ರ ಕೂಡಿಬರದ ಮಕ್ಕಳೂ ಇರುತ್ತಾರಲ್ಲ? ಅಂಥವರನ್ನು ಗುರುತಿಸುವ ಪರೀಕ್ಷೆಗಳಲ್ಲೂ ಚಿತ್ರ ತೋರಿಸಿ ಮಾತು ಪೂರ್ತಿ ಮಾಡಿಸುವ ಈ ಉಪಾಯ ಮುಂದೆ ಬಳಕೆಗೆ ಬಂತು.

ಶಾಲೆಗೆ ಸೇರಿದ ಮೇಲೆ ಇದು ಸಣ್ಣ ವಿಷಯವಲ್ಲ. ಲೆಕ್ಕವೂ ಮಾತಿನಲ್ಲೇ, ಸಮಾಜ ಪಾಠವೂ ಮಾತಿನಲ್ಲೇ. ಅರ್ಥವಾಗದ ಹುಡುಗ ಸುಮ್ಮನೆ ಕೂರುತ್ತಾನೆ, ನಾವು ದಡ್ಡ ಅಂತ ಹೆಸರಿಡುತ್ತೇವೆ. 1997ರಲ್ಲಿ ಬ್ರೂಸ್ ಟಾಂಬ್ಲಿನ್ ಮತ್ತು ಸಂಗಡಿಗರು ಅಮೆರಿಕದಲ್ಲಿ 7,218 ಕಿಂಡರ್‌ಗಾರ್ಟನ್ ಮಕ್ಕಳಿಂದ ಶುರುಮಾಡಿದ ಅಧ್ಯಯನವನ್ನು ಪ್ರಕಟಿಸಿದರು. ಸುಮಾರು ಶೇ. 7.4 ಮಕ್ಕಳಲ್ಲಿ ಈ ತೊಂದರೆ ಇದೆ ಎಂದು ಅವರು ಅಂದಾಜು ಮಾಡಿದರು. ಅಂಥ ಮಕ್ಕಳ ತಂದೆತಾಯಿಯರಲ್ಲಿ ಶೇ. 29 ಜನಕ್ಕೆ ಮಾತ್ರ ಅದನ್ನು ಮೊದಲೇ ಯಾರಾದರೂ ಹೇಳಿದ್ದರು. ಉಳಿದವರಿಗೆ ಗೊತ್ತೇ ಇರಲಿಲ್ಲ!

ಪತ್ತೆಯಾಗದೆ ಹೋಗುವುದು ಒಂದು ಅಪಾಯ, ಇಲ್ಲದ ದೋಷವನ್ನು ಹೊರಿಸುವುದು ಇನ್ನೊಂದು. ಸ್ಪ್ಯಾನಿಷ್ ಮನೆಮಾತಿನ ಮಕ್ಕಳಿಗೆ ಇಂಗ್ಲಿಷಿನಲ್ಲಿ ಬುದ್ಧಿ ಪರೀಕ್ಷೆ ಮಾಡಿ ಮಂದಬುದ್ಧಿಯವರ ತರಗತಿಗೆ ಹಾಕಿದ್ದಕ್ಕೆ 1970ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಮೊಕದ್ದಮೆಯೇ ನಡೆಯಿತು. ಒಂದು ಭಾಷೆ ಬಾರದಿರುವುದು ಬೇರೆ, ಭಾಷೆಯನ್ನೇ ಕಲಿಯುವುದು ಕಷ್ಟವಾಗುವುದು ಬೇರೆ. ಈ ಗೆರೆ ಎಳೆಯುವುದೇ ಕಷ್ಟದ ಕೆಲಸ.

ಅದಕ್ಕೆ ಒಂದು ದಾರಿ ಮತ್ತೆ ಅರ್ಥವಿಲ್ಲದ ಪದಗಳಲ್ಲೇ ಸಿಕ್ಕಿತು. 1990ರಲ್ಲಿ ಬ್ರಿಟನ್ನಿನ ಸೂಸನ್ ಗ್ಯಾದರ್‌ಕೋಲ್ ಮತ್ತು ಅಲನ್ ಬ್ಯಾಡ್ಲಿ, ಭಾಷಾ ತೊಂದರೆಯ ಮಕ್ಕಳಿಗೆ ಉದ್ದದ ಸುಳ್ಳುಪದಗಳನ್ನು ಕೇಳಿ ಹಾಗೇ ತಿರುಗಿ ಹೇಳುವುದು ಕಷ್ಟ ಎಂದು ತೋರಿಸಿದರು. ಸುಳ್ಳುಪದ ಯಾರ ಮನೆಯಲ್ಲೂ ಇಲ್ಲದ್ದರಿಂದ, ಮನೆಮಾತಿನ ಭೇದಭಾವ ಇಲ್ಲಿ ಕಡಿಮೆ. ಪೂರ್ತಿ ಇಲ್ಲ ಎನ್ನಲಾಗದು, ಏಕೆಂದರೆ ಆ ಪದವೂ ಯಾವುದೋ ಒಂದು ಭಾಷೆಯ ಸದ್ದುಗಳಿಂದಲೇ ಆಗಿರುತ್ತದೆ.

ಇನ್ನು ನಮ್ಮ ಕನ್ನಡಕ್ಕೆ ಬರೋಣ. ವಗ್ ಪ್ರಶ್ನೆಯನ್ನು ಹಾಗೇ ಅನುವಾದ ಮಾಡಿ ನೋಡಿ. ನಾವು 'ಎರಡು ಪುಸ್ತಕ ಕೊಡಿ' ಅಂತೀವಿ, 'ಪುಸ್ತಕಗಳು' ಬೇಕೇಬೇಕು ಅಂತೇನಿಲ್ಲ. ಹಾಗಾಗಿ 'ಎರಡು ವಗ್' ಅಂದ ಮಗು ಅಪ್ಪಟ ಕನ್ನಡವನ್ನೇ ಆಡಿದೆ. ಇಂಗ್ಲಿಷ್ ಉತ್ತರಪಟ್ಟಿ ಹಿಡಿದು ಕೂತರೆ ಅದು ತಪ್ಪು! ನಮ್ಮಲ್ಲಿ ನೋಡಬೇಕಾದ್ದು ವಿಭಕ್ತಿ, ಕ್ರಿಯಾಪದದ ಕೊನೆ.. ಬಂದ, ಬಂದಳು, ಬಂತು. ಅಲ್ಲೂ ಹುಷಾರಾಗಿರಬೇಕು. 'ಹುಡುಗಿ ಬಂತು' ಎನ್ನುವುದು ಕೆಲವು ಕಡೆ ಸಹಜ ಮಾತು. 'ಮನೇಲಿ' ಎನ್ನುವ ಮಗುವೂ ಸರಿ, 'ಮನ್ಯಾಗ' ಎನ್ನುವ ಮಗುವೂ ಸರಿ.

ಅದಕ್ಕೇ ಕನ್ನಡಕ್ಕೆಂದೇ ಪರೀಕ್ಷೆ ಬೇಕಿತ್ತು. ಮೈಸೂರಿನಲ್ಲಿ 1965ರಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಶುರುವಾಯಿತು. ಪ್ರತಿಭಾ ಕಾರಂತ ಅವರು ಕನ್ನಡದಲ್ಲಿ ರೂಪಿಸಿದ ಲಿಂಗ್ವಿಸ್ಟಿಕ್ ಪ್ರೊಫೈಲ್ ಟೆಸ್ಟ್ ಧ್ವನಿ, ವಾಕ್ಯ, ಅರ್ಥ ಮೂರನ್ನೂ ನೋಡುತ್ತದೆ. ವಾಕ್ಯ ಕೇಳಿಸಿ ಸರಿಯೋ ತಪ್ಪೋ ಎಂದು ಕೇಳುವುದು ಅದರ ಒಂದು ಭಾಗ. ಶಾಲಾ ಮಕ್ಕಳು ಯಾವ ತರಗತಿಯಲ್ಲಿ ಎಷ್ಟು ಅಂಕ ಪಡೆಯುತ್ತಾರೆ ಎಂಬ ಅಳತೆಯೂ ಮುಂದೆ ಸಿದ್ಧವಾಯಿತು.

ಹೆಸರುಗಳೂ ಬದಲಾಗುತ್ತಾ ಬಂದವು. 2017ರಲ್ಲಿ ಡೊರೊಥಿ ಬಿಷಪ್ ಮತ್ತಿತರ ತಜ್ಞರು ಚರ್ಚಿಸಿ 'ಡೆವಲಪ್‌ಮೆಂಟಲ್ ಲ್ಯಾಂಗ್ವೇಜ್ ಡಿಸಾರ್ಡರ್' ಎಂಬ ಹೆಸರಿಗೆ ಒಪ್ಪಿದರು.

ಈ ಚರಿತ್ರೆಯಿಂದ ನಾನು ತೆಗೆದುಕೊಂಡದ್ದು ಒಂದೇ ಮಾತು. ತೊಂದರೆ ನಿಜವಾಗಿದ್ದರೆ ಅದು ಮಗು ಆಡುವ ಎಲ್ಲ ಭಾಷೆಯಲ್ಲೂ ಕಾಣುತ್ತದೆ. ಇಂಗ್ಲಿಷ್ ಮೀಡಿಯಂ ಶಾಲೆಯಲ್ಲಿ ತಡವರಿಸುವ ಮಗು ಮನೆಯಲ್ಲಿ ಕನ್ನಡದಲ್ಲೋ ತುಳುವಿನಲ್ಲೋ ಪಟಪಟ ಕತೆ ಹೇಳುತ್ತಿದ್ದರೆ, ಅದಕ್ಕೆ ಬೇಕಾದ್ದು ಇಂಗ್ಲಿಷ್ ಕಲಿಯಲು ಸಮಯ. ಮನೆಯಲ್ಲೂ ಕನ್ನಡ ಬಿಡಿ ಅಂತ ಯಾರಾದರೂ ಸಲಹೆ ಕೊಟ್ಟರೆ ದಯವಿಟ್ಟು ಕೇಳಬೇಡಿ. ಮನೆಮಾತಿನಲ್ಲೂ ತಡವರಿಸುತ್ತಿದ್ದರೆ ಬೈಯಬೇಡಿ, ವಾಕ್ ಚಿಕಿತ್ಸಕರ ಹತ್ತಿರ ಕರಕೊಂಡು ಹೋಗಿ.

ಅಂದಹಾಗೆ, ನಿಮ್ಮ ಮನೆಯ ಮಕ್ಕಳಿಗೆ ಎರಡು ವಗ್ ತೋರಿಸಿ ಕೇಳಿ ನೋಡಿ. ನಿಮ್ಮೂರ ಕನ್ನಡದಲ್ಲಿ ಏನಂತಾರೆ?